ಕೋಲಾ ಬಿಟ್ಟರೆ ಕೋಲಾನೇ: ಕುಡಿಯದವನ ನಾಲ್ಕು ರಾತ್ರಿಯ ಕ್ರೂಸ್

ಬಸ್ಸಲ್ಲಿ, ಮೆಟ್ರೋದಲ್ಲಿ, ಇಲ್ಲಾ ರಾತ್ರಿ ಪಾತ್ರೆ ತೊಳೀತಾ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರ್ತೀರಿ ಅಂದ್ಕೋತೀನಿ. ಇವತ್ತಿನ ವಿಷಯ ಕೇಳಿದ್ರೆ ಮೊದಲು ನಗು ಬರಬಹುದು. ಕ್ರೂಸ್ ಹಡಗಿಗೆ ಹೋಗಿದ್ದೆ. ಅಲ್ಲಿ ಕೂಲ್ ಡ್ರಿಂಕ್ಸ್‌ಗೆ ಜಾಸ್ತಿ ಆಯ್ಕೆ ಇರಲಿಲ್ಲ. ಅಷ್ಟೇ ವಿಷಯ.

"ಸಮುದ್ರದ ಮಧ್ಯೆ ಈಜುಕೊಳ, ಮೂರು ಹೊತ್ತು ಬಫೆ, ಇವನಿಗೆ ಕೂಲ್ ಡ್ರಿಂಕ್ಸ್ ಚಿಂತೆ" ಅಂತ ಬೈಬೇಡಿ. ಐದು ನಿಮಿಷ ಕೊಡಿ. ಯಾಕೆ ಅಂತ ಹೇಳ್ತೀನಿ.

ಕಾಲೇಜಿನ ಆರು ಜನ ಗೆಳೆಯರು. ಒಬ್ಬನಿಗೆ ಮದುವೆ ನಿಶ್ಚಯ ಆಗಿತ್ತು. ಮದುವೆಗೆ ಮುಂಚೆ ಎಲ್ಲರೂ ಸೇರಿ ಒಂದು ಟ್ರಿಪ್ ಅಂತ ಮಾತಾಯ್ತು. ಬೆಂಗಳೂರಿಂದ ಸಿಂಗಾಪುರಕ್ಕೆ ವಿಮಾನ, ಅಲ್ಲಿಂದ ಹಡಗು. ಪೆನಾಂಗ್, ಫುಕೆಟ್, ವಾಪಸ್ ಸಿಂಗಾಪುರ. ನಾಲ್ಕು ರಾತ್ರಿ. ನಾನು ಕುಡಿಯೋದು ಬಿಟ್ಟು ಆಗ 14 ತಿಂಗಳಾಗಿತ್ತು. ಗೆಳೆಯರಿಗೆ ಬಿಟ್ಟಿದ್ದೀನಿ ಅಂತ ಗೊತ್ತಿತ್ತು, ಯಾಕೆ ಬಿಟ್ಟೆ ಅಂತ ಗೊತ್ತಿರಲಿಲ್ಲ. "ಡಯಟ್" ಅಂತ ಹೇಳಿ ತಪ್ಪಿಸ್ಕೊಂಡಿದ್ದೆ.

ಮೊದಲ ಸಂಜೆ. ಹಡಗು ಸಿಂಗಾಪುರದ ಮರೀನಾ ಬೇ ಬಿಟ್ಟು ಹೊರಟಿತು. ಮೇಲಿನ ಡೆಕ್‌ನಲ್ಲಿ ಹಾಡು, ಕುಣಿತ. ಬಾರ್‌ನವರು ಮೆನು ಕೊಟ್ಟರು. ಕಾಕ್‌ಟೇಲ್ ಪುಟದ ಮೇಲೆ ಪುಟ. ಕೊನೇ ಪುಟದ ಕೆಳಗೆ, ಕಾಲು ಪುಟದಷ್ಟು ಜಾಗದಲ್ಲಿ ನಮ್ಮಂಥವರಿಗೆ: ಕೋಲಾ, ಸಕ್ಕರೆ ಇಲ್ಲದ ಕೋಲಾ, ಲೆಮನ್ ಡ್ರಿಂಕ್, ಆರೆಂಜ್, ಸೋಡಾ, ಟಾನಿಕ್ ವಾಟರ್. ಮುಗೀತು.

ಈಗ ನನ್ನ ಕಥೆ ಕೇಳಿ. ಹಾಸ್ಟೆಲ್‌ನ ಮೂರನೇ ವರ್ಷದಿಂದ ನನ್ನ ಡ್ರಿಂಕ್ ಅಂದ್ರೆ ರಮ್ ಮತ್ತು ಕೋಲಾ. ಕೆಲಸ ಸಿಕ್ಕಿ ಕೈಗೆ ದುಡ್ಡು ಬಂದ ಮೇಲೆ ವೋಡ್ಕಾ ಮತ್ತು ಲೆಮನ್. ಸ್ವಲ್ಪ ಸ್ಟೈಲ್ ಬಂದ ಮೇಲೆ ಜಿನ್ ಮತ್ತು ಟಾನಿಕ್. ಆ ಪಟ್ಟಿ ನೋಡ್ತಿದ್ರೆ ಹಳೇ ಗ್ರೂಪ್ ಫೋಟೋದಲ್ಲಿ ಒಬ್ಬನನ್ನ ಮಾತ್ರ ಕತ್ತರಿಸಿ ಇಟ್ಟ ಹಾಗಿತ್ತು. ಉಳಿದವರನ್ನ ನೋಡಿದ ಕೂಡ್ಲೇ ಅವನೇ ನೆನಪಾಗ್ತಾನೆ. ಇದೇ ನನ್ನ ಸಮಸ್ಯೆ. ಆಯ್ಕೆ ಕಮ್ಮಿ ಇರೋದು ಬೇಜಾರಿನ ವಿಷಯ ಅಲ್ಲ, ನನ್ನ ಮಟ್ಟಿಗೆ ಅಪಾಯದ ವಿಷಯ.

ಹಡಗಿನಲ್ಲಿ ಯಾಕೆ ಇಷ್ಟು ಕಮ್ಮಿ ಅಂತ ಆಮೇಲೆ ತಿಳ್ಕೊಂಡೆ. ದೊಡ್ಡ ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ಯಾವುದಾದರೂ ಒಂದೇ ಪಾನೀಯ ಕಂಪನಿ ಜೊತೆ ಒಪ್ಪಂದ ಮಾಡ್ಕೊಳ್ತಾರೆ. ಕಾರ್ನಿವಲ್‌ನವರು ಬಹಳ ವರ್ಷ ಕೋಕ್ ಕೊಡ್ತಿದ್ದವರು 2020ರಲ್ಲಿ ಪೆಪ್ಸಿಗೆ ಬದಲಾದರು. ಒಬ್ಬರ ಜೊತೆ ಒಪ್ಪಂದ ಆಯ್ತು ಅಂದ್ರೆ ಇನ್ನೊಬ್ಬರ ಬಾಟಲಿ ಒಳಗೆ ಬರಲ್ಲ. ನಿಮ್ಮ ಏರಿಯಾದ ಮಲ್ಟಿಪ್ಲೆಕ್ಸ್‌ನಲ್ಲಿ ಹೇಗೋ ಹಾಗೇ. ಆದ್ರೆ ಮಲ್ಟಿಪ್ಲೆಕ್ಸ್‌ನಿಂದ ಮೂರು ಗಂಟೆಗೆ ಹೊರಗೆ ಬಂದು ಎದುರಿನ ಗೂಡಂಗಡಿಗೆ ಹೋಗಬಹುದು. ಹಡಗಿನಿಂದ ಎಲ್ಲಿಗೆ ಹೋಗ್ತೀರಿ?

ಇನ್ನೊಂದು ಕಾರಣ ಜಾಗ. ಸಾವಿರಾರು ಜನರ ಊಟದ ಸಾಮಾನನ್ನ ಬಂದರಿನಲ್ಲೇ ತುಂಬ್ಕೋಬೇಕು. ಅದಕ್ಕೇ ಎಷ್ಟೋ ಕಡೆ ಕೋಲಾ ಬಾಟಲಿಯಲ್ಲಿ ಬರೋದೇ ಇಲ್ಲ. ಗಟ್ಟಿ ಸಿರಪ್ಪಿನ ಚೀಲ ಇರುತ್ತೆ. ಒಂದು ಪಾಲು ಸಿರಪ್‌ಗೆ ಸುಮಾರು ಐದು ಪಾಲು ಗ್ಯಾಸ್ ತುಂಬಿದ ನೀರನ್ನ ಮೆಷಿನ್ನೇ ಬೆರೆಸಿ ಕೊಡುತ್ತೆ. ಆ ನೀರಲ್ಲೂ ಬಹುಪಾಲು ಸಮುದ್ರದ ನೀರಿಂದ ಉಪ್ಪು ತೆಗೆದು ಹಡಗಿನಲ್ಲೇ ಸಿದ್ಧ ಮಾಡಿದ್ದು. "ಕೋಲಾ ರುಚಿ ಏನೋ ಬೇರೆ ಥರ ಇದೆ" ಅಂತ ಹಡಗಿಗೆ ಹೋದವರು ಹೇಳೋದಕ್ಕೆ ಇದೂ ಒಂದು ಕಾರಣ.

ಮತ್ತೆ ಮೊದಲ ರಾತ್ರಿಗೆ ಬರ್ತೀನಿ. ಕೈ ಖಾಲಿ ಇದ್ರೆ ಯಾರಾದ್ರೂ ಏನಾದ್ರೂ ತಂದು ಹಿಡಿಸ್ತಾರೆ ಅನ್ನೋ ಭಯಕ್ಕೆ ಕೋಲಾ ತಗೊಂಡೆ. ಒಂದಲ್ಲ, ಮೂರು ಕ್ಯಾನ್. 330 ಮಿಲಿಲೀಟರಿನ ಮಾಮೂಲಿ ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತೆ. ಮೂರಕ್ಕೆ ನೂರು ಗ್ರಾಂ ದಾಟ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಹೀಗೆ ಮೇಲಿಂದ ಸೇರಿಸೋ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ರೆ ಇನ್ನೂ ಒಳ್ಳೇದು. ಜೊತೆಗೆ ಕೆಫೀನ್. ಎದೆ ಢವಢವ.

ಅದೂ ಸಾಯಲಿ. ಮೇಜಿನ ಮೇಲೆ ಆರು ಗ್ಲಾಸು, ಆರರಲ್ಲೂ ಕಪ್ಪು ನೀರು, ಐಸು, ನಿಂಬೆ ಹೋಳು. ಹಾಡಿಗೆ ಎದ್ದು ಹೋಗಿ ಬಂದೆ. ಗ್ಲಾಸ್ ಎತ್ತಿ ತುಟಿಗೆ ತಂದೆ. ಮೂಗಿಗೆ ಗೊತ್ತಾಯ್ತು. ಅದು ನನ್ನ ಗ್ಲಾಸ್ ಅಲ್ಲ.

ಗ್ಲಾಸು ತುಟಿ ಹತ್ರ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಎರಡು ಸೆಕೆಂಡ್ ಇರಬಹುದು. ಆ ಎರಡು ಸೆಕೆಂಡಲ್ಲಿ ತಲೆ ಒಂದು ವಾದ ಮಂಡಿಸ್ತು: "ತಪ್ಪಿ ಕುಡಿದ್ರೆ ತಪ್ಪಲ್ವಲ್ಲ." ಅಷ್ಟು ಬೇಗ, ಅಷ್ಟು ಚೆನ್ನಾಗಿ. 14 ತಿಂಗಳು ಆ ವಾದ ನನ್ನೊಳಗೇ ಕಾಯ್ತಾ ಕೂತಿತ್ತು ಅಂತ ಆಗ ತಿಳೀತು. ಗ್ಲಾಸ್ ಕೆಳಗಿಟ್ಟು ಎದ್ದು ಹೋದೆ. ಕೈ ನಡುಗ್ತಾ ಇತ್ತು.

ಯಾಕೆ ಬಿಟ್ಟೆ ಅಂತ ಹೇಳ್ಬಿಡ್ತೀನಿ. ಒಂದು ಶನಿವಾರ ರಾತ್ರಿ ಪುತ್ತೂರಿನ ಮನೆಯಲ್ಲಿ ಅಪ್ಪನಿಗೆ ಎದೆನೋವು ಬಂತು. ಅಕ್ಕ ನನಗೆ 11 ಸಲ ಫೋನ್ ಮಾಡಿದ್ದಳು. ಫೋನ್ ನನ್ನ ತಲೆ ಪಕ್ಕದಲ್ಲೇ ಇತ್ತು. ನಾನು ಎದ್ದಿದ್ದು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ. ಅಪ್ಪ ಉಳಿದರು. ಯಾರೂ ನನ್ನನ್ನ ಬೈಲಿಲ್ಲ. ಆ 11 ಮಿಸ್ಡ್ ಕಾಲ್‌ನ ಸ್ಕ್ರೀನ್‌ಶಾಟ್ ಇನ್ನೂ ನನ್ನ ಫೋನಲ್ಲಿದೆ.

ಆ ರಾತ್ರಿ ಡೆಕ್ ಮೇಲೆ ನಿಂತು ಹಡಗಿನ ದುಬಾರಿ ವೈಫೈ ತಗೊಂಡು ಅಕ್ಕನಿಗೆ ಮೆಸೇಜ್ ಮಾಡಿದೆ. ನಡೆದಿದ್ದನ್ನ ಬರೆದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕುಡಿದ್ಯಾ?" "ಇಲ್ಲ" ಅಂದೆ. "ಸರಿ, ಮೊದಲು ಹೋಗಿ ಊಟ ಮಾಡು. ಖಾಲಿ ಹೊಟ್ಟೇಲಿ ಏನೂ ಯೋಚನೆ ಮಾಡ್ಬೇಡ" ಅಂದ್ಲು. ಬಫೆಗೆ ಹೋದೆ. ಅನ್ನ, ದಾಲ್ ಹಾಕ್ಕೊಂಡು ತಿಂದೆ. ನಿಜವಾಗ್ಲೂ ಅರ್ಧ ಆಸೆ ಹಸಿವೇ ಆಗಿತ್ತು.

ಮರುದಿನ ಪೆನಾಂಗ್. ಹಡಗು ಜಾರ್ಜ್ ಟೌನ್‌ನ ಸ್ವೆಟನ್‌ಹ್ಯಾಮ್ ಪಿಯರ್‌ನಲ್ಲಿ ನಿಲ್ಲುತ್ತೆ. ಅಲ್ಲಿಂದ ನಡೆದೇ ಹೋದ್ರೆ ಲಿಟಲ್ ಇಂಡಿಯಾ ಸಿಗುತ್ತೆ. ಹೂವಿನ ಅಂಗಡಿ, ತಮಿಳು ಹಾಡು, ಎಲ್ಲಾ ನಮ್ಮ ಕಡೆ ಥರಾನೇ. ಅಲ್ಲಿ ಒಂದು ಅಂಗಡಿಯಲ್ಲಿ ಜಾಯಿಕಾಯಿ ಜ್ಯೂಸ್ ಅಂತ ಬೋರ್ಡ್ ನೋಡಿದೆ. ಪೆನಾಂಗ್‌ನಲ್ಲಿ ಅದು ಫೇಮಸ್. ಜಾಯಿಕಾಯಿ ಹಣ್ಣಿನ ಹೊರಗಿನ ದಪ್ಪ ತಿರುಳಿಂದ ಮಾಡ್ತಾರೆ. ನಮ್ಮ ಅಡಿಕೆ ತೋಟದಲ್ಲೂ ನಾಲ್ಕು ಜಾಯಿಕಾಯಿ ಮರ ಇದೆ. ಕಾಯಿ ಮತ್ತೆ ಪತ್ರೆ ಮಾರ್ತೀವಿ, ಆ ತಿರುಳನ್ನ ಬುಡಕ್ಕೇ ಬಿಸಾಕ್ತೀವಿ. ಅಮ್ಮ ಅಪರೂಪಕ್ಕೆ ಉಪ್ಪಿನಕಾಯಿ ಹಾಕ್ತಾಳೆ, ಅಷ್ಟೇ. ನಾವು ಬಿಸಾಕೋದಕ್ಕೆ ಇಲ್ಲಿ ದುಡ್ಡು ಕೊಟ್ಟು ಕುಡೀತಾ ಇದ್ದೆ. ಹುಳಿ, ಸಿಹಿ, ಸ್ವಲ್ಪ ಒಗರು, ಹಿಂದೆ ಒಂದು ಖಾರದ ಘಮ. ಮುಖ್ಯವಾಗಿ, ಆ ರುಚಿಗೆ ನನ್ನ ತಲೆಯಲ್ಲಿ ಯಾವ ಬಾಟಲಿಯ ನೆನಪೂ ಇರಲಿಲ್ಲ.

ಅಲ್ಲೇ ಹೊಳೀತು. ನನಗೆ ಬೇಕಿರೋದು ಹತ್ತು ಥರದ ಡ್ರಿಂಕ್ ಅಲ್ಲ. ಹಳೇ ನೆನಪಿಲ್ಲದ ಒಂದು ಡ್ರಿಂಕ್.

ಸಂಜೆ ಹಡಗಿಗೆ ಬಂದವನೇ ಬಾರ್ ಇನ್ನೂ ಖಾಲಿ ಇದ್ದಾಗಲೇ ಹೋದೆ. ಬಾರ್‌ನಲ್ಲಿದ್ದವರು ಗೋವಾದವರು. ಹಿಂದಿಯಲ್ಲಿ ನೇರವಾಗಿ ಹೇಳಿದೆ: "ನಾನು ಕುಡಿಯಲ್ಲ. ತಪ್ಪಿ ಕೂಡ ಕುಡಿಯೋ ಹಾಗಿಲ್ಲ. ಕೋಲಾ ಬೇಡ. ಏನಾದ್ರೂ ಮಾಡ್ಕೊಡಿ." ಅವರು ಮೊದಲು ಸೋಡಾ, ನಿಂಬೆ, ಬಿಟರ್ಸ್ ಅಂದ್ರು. ಬಾಟಲಿ ತೋರಿಸಿ ಅಂದೆ. ಇದನ್ನ ನೀವೂ ನೆನಪಿಟ್ಕೊಳ್ಳಿ. ಬಿಟರ್ಸ್ ಹನಿ ಲೆಕ್ಕದಲ್ಲಿ ಹಾಕೋದು, ಆದ್ರೆ ಅದರಲ್ಲಿ ಆಲ್ಕೋಹಾಲ್ ಇದೆ. ಪ್ರಸಿದ್ಧವಾದ ಆ್ಯಂಗೊಸ್ಟುರಾದಲ್ಲಿ ಶೇ. 44.7. ಅವರೂ ಲೇಬಲ್ ನೋಡಿ "ಸಾರಿ ಸರ್, ಹೌದು" ಅಂದ್ರು. ಆಮೇಲೆ ಅವರೇ ಕೇಳಿದ್ರು, "ಮನೇಲಿ ಏನು ಕುಡೀತೀರಿ?"

ಮನೇಲಿ? ಪುತ್ತೂರಿನವನಿಗೆ ಕೇಳೋ ಪ್ರಶ್ನೆಯಾ ಅದು! ಜೀರಿಗೆ ಸೋಡಾ. ಬಿಂದು ಜೀರಾ ನಮ್ಮೂರಿನದೇ.

ಅವರು ಬಫೆಯ ಇಂಡಿಯನ್ ಕೌಂಟರ್‌ಗೆ ಫೋನ್ ಮಾಡಿದ್ರು. ಹುರಿದ ಜೀರಿಗೆ ಪುಡಿ, ಕಪ್ಪು ಉಪ್ಪು, ಜಜ್ಜಿದ ಶುಂಠಿ ಒಂದು ಪುಟ್ಟ ಬಟ್ಟಲಲ್ಲಿ ಬಂತು. ಸೋಡಾ, ನಿಂಬೆ ಬಾರ್‌ನಲ್ಲೇ ಇತ್ತು. ಎತ್ತರದ ಗ್ಲಾಸು, ಐಸು. ಮೊದಲ ಗುಟುಕಿಗೇ ಮೂಗಿಗೆ ಏರಿತು. ನಮ್ಮೂರಿನ ಬಸ್‌ಸ್ಟ್ಯಾಂಡ್ ಕಣ್ಣಮುಂದೆ ಬಂತು. ಬಣ್ಣವೂ ಬೇರೆ, ವಾಸನೆಯೂ ಬೇರೆ. ಯಾರ ಗ್ಲಾಸಿನ ಜೊತೆಗೂ ಅದಲುಬದಲಾಗೋ ಹಾಗಿಲ್ಲ. ಸಕ್ಕರೆಯೂ ಇಲ್ಲ.

ಆ ರಾತ್ರಿ ಮದುಮಗ ಕೇಳಿದ, "ಮಾರಾಯ, ಅದೆಂಥದು ನೀನು ಕುಡಿಯೋದು?" ಕುಡಿದು ನೋಡಿ ಮುಖ ಕಿವುಚಿದ, ಆಮೇಲೆ ಅವನೂ ಒಂದು ಹೇಳಿದ. ಇನ್ನೊಬ್ಬ ಮಾತ್ರ ಬಿಡಲಿಲ್ಲ. "ಒಂದು ಪೆಗ್‌ಗೆ ಎಂತ ಆಗ್ತದೆ?" ಅಂತ ಮೂರು ಸಲ ಕೇಳಿದ. ಮೂರನೇ ಸಲಕ್ಕೆ ನಾನು ಡಯಟ್ ಅನ್ನಲಿಲ್ಲ. ಫೋನ್ ತೆಗೆದು ಆ ಸ್ಕ್ರೀನ್‌ಶಾಟ್ ತೋರಿಸಿದೆ. ಅಷ್ಟೇ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಪ್ಪ ಈಗ ಹೇಗಿದ್ದಾರೆ?" ಅಂದ. ನನಗೆ ಬೇಕಾಗಿದ್ದು ಆ ಪ್ರಶ್ನೆ. ಒಂದು ವರ್ಷ ಮುಂಚೆಯೇ ನಾನೇ ಹೇಳಿದ್ರೆ ಒಂದು ವರ್ಷ ಮುಂಚೆಯೇ ಸಿಗ್ತಿತ್ತು.

ಇನ್ನೊಂದು ವಿಷಯ. ಹಡಗಿನಲ್ಲಿ ದಿನಾ ಕಾರ್ಯಕ್ರಮದ ಪಟ್ಟಿ ಬರುತ್ತೆ. ಅದರಲ್ಲಿ ಒಂದು ಸಾಲು "ಫ್ರೆಂಡ್ಸ್ ಆಫ್ ಬಿಲ್ ಡಬ್ಲ್ಯೂ." ಯಾರದೋ ಬರ್ತ್‌ಡೇ ಪಾರ್ಟಿ ಅಂದ್ಕೊಂಡಿದ್ದೆ. ಅಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಶುರುವಾಯ್ತಲ್ಲ, ಅದರ ಸ್ಥಾಪಕರಲ್ಲಿ ಒಬ್ಬ ಬಿಲ್ ವಿಲ್ಸನ್. ಕುಡಿತ ಬಿಟ್ಟವರು ಒಂದು ಕಡೆ ಸೇರಲಿ ಅಂತ ಎಷ್ಟೋ ಕ್ರೂಸ್‌ಗಳಲ್ಲಿ ಆ ಹೆಸರಲ್ಲಿ ಒಂದು ಕೋಣೆ, ಒಂದು ಸಮಯ ಇಟ್ಟಿರ್ತಾರೆ. ಕೊನೇ ದಿನ ಹೋದೆ. ಇನ್ನಿಬ್ಬರು ಬಂದಿದ್ರು. ಮೂರು ದೇಶದ ಮೂರು ಜನ, ಮುಂದೆ ಟೀ ಕಪ್ಪು. ಹೆಚ್ಚು ಮಾತಾಡಲಿಲ್ಲ. ಆದ್ರೆ ಸಾವಿರಾರು ಜನರ ಹಡಗಿನಲ್ಲಿ ನಾನೊಬ್ಬನೇ ಅಲ್ಲ ಅಂತ ಗೊತ್ತಾಯ್ತು.

ಹೋಗೋರಿಗೆ ಕೆಲವು ಮಾತು ಹೇಳಿ ಮುಗಿಸ್ತೀನಿ. ಟಿಕೆಟ್ ಮಾಡೋ ಮುಂಚೆ ಪಾನೀಯದ ಪಟ್ಟಿ ಕೇಳಿ. ಕೆಲವು ಕಂಪನಿಗಳು ಹತ್ತುವ ದಿನ ಕೈಚೀಲದಲ್ಲಿ ಇಂತಿಷ್ಟು ಕ್ಯಾನ್ ತರೋಕೆ ಬಿಡ್ತಾರೆ, ಕೆಲವರು ಬಿಡಲ್ಲ, ಅದನ್ನೂ ಕೇಳಿ. ಸೋಡಾ ಪ್ಯಾಕೇಜ್ ಅಂತ ದಿನದ ಲೆಕ್ಕದಲ್ಲಿ ಮಾರ್ತಾರೆ. ದಿನಕ್ಕೆ ಎಷ್ಟು ಕುಡೀತೀರಿ ಅಂತ ಲೆಕ್ಕ ಹಾಕಿ ತಗೊಳ್ಳಿ, ಇಲ್ಲಾಂದ್ರೆ ದುಡ್ಡು ಕೊಟ್ಟಿದ್ದೀನಿ ಅಂತ ಸಕ್ಕರೆ ನುಂಗ್ತೀರಿ. ಮೊದಲ ದಿನವೇ ಬಾರ್‌ನವರಿಗೆ ಸ್ಪಷ್ಟವಾಗಿ ಹೇಳಿ. ಗ್ಲಾಸ್ ಬಿಟ್ಟು ಎದ್ದು ಹೋದ್ರೆ ವಾಪಸ್ ಬಂದು ಅದನ್ನ ಮುಟ್ಟಬೇಡಿ, ಹೊಸದು ತಗೊಳ್ಳಿ. ಬಂದರಿನಲ್ಲಿ ಇಳಿದಾಗ ಆ ಊರಿನದ್ದೇ ಏನಾದ್ರೂ ಕುಡೀರಿ. ಫುಕೆಟ್‌ನಲ್ಲಿ ನಾನು ಎಳನೀರು ಕುಡಿದೆ, ಎರಡು.

ಮತ್ತೆ ಕೇಳ್ತಾ ಇರೋರಲ್ಲಿ ಯಾರಿಗಾದ್ರೂ ಇದು ತಮ್ಮದೇ ಕಥೆ ಅನ್ನಿಸಿದ್ರೆ, ದಿನಾ ಜಾಸ್ತಿ ಕುಡಿಯೋರು ಒಂದೇ ದಿನಕ್ಕೆ ತಾವಾಗೇ ನಿಲ್ಲಿಸೋಕೆ ಹೋಗ್ಬೇಡಿ. ಮೈಗೆ ಅಪಾಯ ಆಗಬಹುದು, ಡಾಕ್ಟರ್ ಹತ್ರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಟೆಲಿ-ಮಾನಸ್ ಸಹಾಯವಾಣಿ 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ನಾನು ಗೆದ್ದೆ ಅಂತ ಹೇಳೋಕೆ ಇಲ್ಲಿ ಕೂತಿಲ್ಲ. ಈಗಲೂ ಪಾರ್ಟಿಯಲ್ಲಿ ಕೋಲಾ ಕ್ಯಾನ್ ತೆಗೆಯೋ ಸದ್ದಿಗೆ ತಲೆ ಆ ಕಡೆ ತಿರುಗುತ್ತೆ. ಜೇಬಲ್ಲಿ ಒಂದು ಪುಟ್ಟ ಡಬ್ಬಿ ಇಟ್ಕೊಂಡಿರ್ತೀನಿ, ಜೀರಿಗೆ ಪುಡಿ ಮತ್ತೆ ಕಪ್ಪು ಉಪ್ಪು. ಸೋಡಾ ಎಲ್ಲಾ ಕಡೆ ಸಿಗುತ್ತೆ. ಮೊನ್ನೆ ಮದುವೆ ಮನೆಯಲ್ಲಿ ಅಪ್ಪನಿಗೂ ಒಂದು ಗ್ಲಾಸ್ ಮಾಡ್ಕೊಟ್ಟೆ. "ಉಪ್ಪು ಸ್ವಲ್ಪ ಜಾಸ್ತಿ ಆಯ್ತು" ಅಂದ್ರು. ಪೂರ್ತಿ ಕುಡಿದ್ರು.