ಗೇಟಿನಾಚೆಗೆ ಹೋದ ಕಸ
(ಮೊಹಲ್ಲಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಜನರಿಗೆ ತೊಂದರೆ ಕೊಡುವ ವಸ್ತುವನ್ನು ದಾರಿಯಿಂದ ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮದ್ರಸದ ಚಿಕ್ಕ ತರಗತಿಗಳಲ್ಲೇ ನಾವಿದನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ಸರಿಸಿದ ವಸ್ತುವನ್ನು ಎಲ್ಲಿ ಹಾಕಬೇಕೆಂದು ಕೇಳಿಕೊಂಡವರು ವಿರಳ. ಗೇಟು ದಾಟಿದರೆ ಕಸ ಮುಗಿಯಿತೆಂದೇ ನಾವು ಭಾವಿಸಿದ್ದೇವೆ.

ಅದು ಮುಗಿಯುವುದಿಲ್ಲವೆಂಬುದನ್ನು 2019ರ ಆಗಸ್ಟ್‌ನಲ್ಲಿ ಮಂಗಳೂರು ಕಂಡಿತು. ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ರಾಶಿ ಹಾಕಿದ್ದ ನಗರದ ತ್ಯಾಜ್ಯವು ಭಾರೀ ಮಳೆಗೆ ಜರಿದು ಕೆಳಗಿನ ಮಂದಾರದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಹೂತುಹೋದವು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ತೊರೆಯಬೇಕಾಯಿತು. ಆ ರಾಶಿಯನ್ನು ಬೆಳೆಸಿದ್ದು ಇಡೀ ನಗರ; ಮನೆ ಕಳಕೊಂಡದ್ದು ಅವರು. ಬೆಂಗಳೂರಿನ ಕಸವನ್ನು ವರ್ಷಗಳ ಕಾಲ ಹೊತ್ತ ಮಂಡೂರಿನ ಕಥೆಯೂ ಬೇರೆಯಲ್ಲ. ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ ಬಳಿಕವಷ್ಟೇ, 2014ರ ಕೊನೆಯಲ್ಲಿ, ಅಲ್ಲಿಗೆ ಕಸದ ಲಾರಿ ಹೋಗುವುದು ನಿಂತಿತು.

ಈ ರಾಶಿ ಹುಟ್ಟುವುದು ಎಲ್ಲಿ? ಬಹುಪಾಲು ನಮ್ಮ ಅಡುಗೆಕೋಣೆಯಲ್ಲಿ. ನಮ್ಮ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಕೊಳೆಯುವಂಥದ್ದು: ಅನ್ನ, ತರಕಾರಿ ಸಿಪ್ಪೆ, ಮೀನಿನ ತಲೆ, ಎಲುಬು. ಇವನ್ನು ಬೇರೆಯಾಗಿಟ್ಟರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರೊಳಗೆ ಮಗುವಿನ ಡಯಾಪರನ್ನೂ ಒಡೆದ ಗಾಜನ್ನೂ ತುರುಕಿದರೆ ಅತ್ತ ಗೊಬ್ಬರವೂ ಆಗದು, ಇತ್ತ ಪ್ಲಾಸ್ಟಿಕ್ ಕೂಡ ಗುಜರಿಗೆ ಸಲ್ಲದು. ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮಿಥೇನ್ ಅನಿಲ ಹುಟ್ಟಿ ಬೆಂಕಿಗೆ ಕಾರಣವಾಗುತ್ತದೆ. ಕಪ್ಪು ರಸ ಇಳಿದು ಬಾವಿಗಳನ್ನು ಕೆಡಿಸುತ್ತದೆ. ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ನಿಯಮಗಳೇ ಹೇಳಿದ್ದವು. ನಾವು ಬೇರ್ಪಡಿಸದೆ ಕೊಟ್ಟದ್ದನ್ನು ಕೊನೆಗೆ ಯಾರೋ ಒಬ್ಬರು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ. ಆ ಕೈ ಹೆಚ್ಚಾಗಿ ದಲಿತ ಸಹೋದರಿಯದ್ದು.

ನಮ್ಮ ಸಮುದಾಯದ ಎಷ್ಟೋ ಕುಟುಂಬಗಳು ಗುಜರಿ ವ್ಯಾಪಾರದಿಂದ ಬದುಕುತ್ತಿವೆ. ನಗರದ ಕಸವನ್ನು ನಿಜವಾಗಿ ಕಡಿಮೆ ಮಾಡುವವರು ಅವರು. ಆದರೆ ಮಗಳಿಗೆ ವರ ನೋಡುವಾಗ 'ಗುಜರಿಯವನು' ಎಂದು ಮೂಗು ಮುರಿಯುವವರೂ ನಾವೇ!

ಕಸದ ಗಾಡಿ ನಮ್ಮ ಓಣಿಗಳಿಗೆ ಸರಿಯಾಗಿ ಬರುವುದಿಲ್ಲವೆಂಬ ದೂರು ಅನೇಕ ಕಡೆ ಸುಳ್ಳಲ್ಲ. ತೆರಿಗೆ ಕಟ್ಟುವವರು ಅದನ್ನು ಹಕ್ಕಾಗಿಯೇ ಕೇಳಬೇಕು. ಓಟಿನ ಸಮಯದಲ್ಲಿ ಮಾತ್ರ ಬರುವ ವಾರ್ಡ್ ಸದಸ್ಯರನ್ನು ಉಳಿದ ದಿನಗಳಲ್ಲಿಯೂ ಕೇಳಬೇಕು. ಆದರೆ ವಲೀಮಾದ ರಾತ್ರಿ ಸಭಾಂಗಣದ ಹಿಂದೆ ಬಿರಿಯಾನಿಯ ರಾಶಿಯನ್ನು ಥರ್ಮೋಕೋಲ್ ತಟ್ಟೆಗಳ ಸಮೇತ ಸುರಿದವರು ಯಾರು? ಬಿದ್ದ ತುತ್ತನ್ನೂ ಶುಚಿಗೊಳಿಸಿ ತಿನ್ನಲು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ಅಲ್ಲೇ ಬೇರ್ಪಡಿಸಬೇಕೆಂದು ಅದೇ 2016ರ ನಿಯಮಗಳಲ್ಲಿತ್ತು. ಶಾಮಿಯಾನ ಹಾಕಿಸಿದ ನಮ್ಮಲ್ಲಿ ಎಷ್ಟು ಮಂದಿ ತಿಳಿಸಿದ್ದೇವೆ?

ಖುರ್ಬಾನಿಯ ಮಾತನ್ನೂ ಮುಚ್ಚಿಡುವುದು ಬೇಡ. ಕರುಳು, ಚರ್ಮದ ತುಂಡುಗಳನ್ನು ರಾತ್ರಿ ತೋಡಿಗೆ ಎಸೆಯುವವರು ಕೆಲವರು. ಮರುದಿನ ಅಪವಾದ ಹೊರುವುದು ಇಡೀ ಸಮುದಾಯ. ಅಪಪ್ರಚಾರ ಮಾಡಲು ಕಾದು ಕುಳಿತವರಿದ್ದಾರೆಂಬುದು ನಿಜ. ಹಾಗೆಂದು ನೆರೆಯವರ ಮೂಗಿಗೆ ಬಡಿದ ದುರ್ನಾತ ಅಪಪ್ರಚಾರವಲ್ಲ.

ಈ ಬಕ್ರೀದ್‌ಗೆ ಮುಂಚಿತವಾಗಿ ಪ್ರತ್ಯೇಕ ವಾಹನವನ್ನೂ ವಿಲೇವಾರಿಯ ಸ್ಥಳವನ್ನೂ ಕೋರಿ ನಗರಸಭೆಗೆ ಕೊಡಬೇಕಾದ ಮನವಿಯ ಕರಡು ಸಿದ್ಧವಿದೆ. ಓಣಿಗೆ ಇಬ್ಬರಂತೆ ಯುವಕರ ಹೆಸರು ಬೇಕಾಗಿದೆ. ಇಶಾ ನಮಾಝಿನ ನಂತರ ಕಾರ್ಯದರ್ಶಿಯವರು ಪಟ್ಟಿ ಹಿಡಿದು ಬಾಗಿಲ ಬಳಿ ಕುಳಿತಿರುತ್ತಾರೆ.