ನೂರು ಗ್ಯಾಲಕ್ಸಿ ಹುಡುಕಿದರೆ ಮೂರರಲ್ಲಿ ನೀರು!

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗೆಳೆಯರಿಗೆಲ್ಲ ಶರಣು. ಇವತ್ತು ನೀರಿನ ಸುದ್ದಿ. ಆದ್ರ ಕಾಗಿಣಾ ನದಿ ನೀರಲ್ಲ, ಸುಮಾರು 2.5 ಕೋಟಿ ಜ್ಯೋತಿರ್ವರ್ಷ ದೂರದ ನೀರು.

ಎನ್‌ಜಿಸಿ 4258 ಅಂತ ಒಂದು ಗ್ಯಾಲಕ್ಸಿ. ಅದರ ನಡುವೆ ಸುಮಾರು 4 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ. ಅದರ ಸುತ್ತ ಅನಿಲ, ದೂಳು ತಟ್ಟೆಯಂತೆ ತಿರುಗುತ್ತಿದೆ. ಆ ತಟ್ಟೆಯಲ್ಲಿ ನೀರಿನ ಆವಿಯೂ ಇದೆ. ಕಾವಿಗೆ ಆ ನೀರಿನ ಅಣುಗಳು ಶಕ್ತಿ ತುಂಬಿಕೊಂಡು ಕೂತಿರುತ್ತವೆ. ಜಾತ್ರ್ಯಾಗ ಒಬ್ಬರು ಜೈಕಾರ ಹಾಕಿದ ಕೂಡಲೇ ಸಾವಿರ ದನಿ ಸೇರ್ತಾವಲ್ಲ, ಹಂಗ ಒಂದು ರೇಡಿಯೋ ಅಲೆ ಹಾದುಹೋದರೆ ಸಾಕು, ಎಲ್ಲ ಅಣುಗಳೂ ಅದೇ ಅಲೆಗೆ ಬಲ ಕೊಡುತ್ತವೆ. ಇದೇ ಮೇಸರ್. ನೀರಿನ ಮೇಸರ್ ಕೇಳಿಸೋದು 22.235 ಗಿಗಾಹರ್ಟ್ಸ್‌ನಲ್ಲಿ.

ಇದರಿಂದ ಏನು ಲಾಭ ಅಂತೀರಾ? ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ, ನಿಲ್ಲದೆ ಹೋಗೋ ಗೂಡ್ಸ್ ಗಾಡಿ ಹಾರ್ನ್ ಕೇಳಿ ನೋಡ್ರಿ. ಬರುವಾಗ ಕೀರಲು, ದಾಟಿದ ಮೇಲೆ ದಪ್ಪ. ಮೇಸರ್ ಕೂಡ ಹಾಗೇ. ತಟ್ಟೆಯ ಒಂದು ಅಂಚು ನಮ್ಮ ಕಡೆ ಬರುತ್ತೆ, ಇನ್ನೊಂದು ದೂರ ಹೋಗುತ್ತೆ. ಆ ವ್ಯತ್ಯಾಸದಿಂದ ವೇಗ ಸಿಗುತ್ತೆ: ಸೆಕೆಂಡಿಗೆ ಸಾವಿರ ಕಿಲೋಮೀಟರ್ ಹತ್ತಿರ! ವೇಗ ವರ್ಷದಿಂದ ವರ್ಷಕ್ಕೆ ಎಷ್ಟು ಬದಲಾಗುತ್ತೆ ಅಂತ ನೋಡಿದರೆ ತಟ್ಟೆಯ ನಿಜವಾದ ಅಳತೆ ಸಿಗುತ್ತೆ. ಆಕಾಶದಲ್ಲಿ ಅದು ಎಷ್ಟು ಚಿಕ್ಕದಾಗಿ ಕಾಣುತ್ತೆ ಅನ್ನೋದಕ್ಕೆ ಹೋಲಿಸಿದರೆ ಗ್ಯಾಲಕ್ಸಿಯ ದೂರ ನೇರವಾಗಿ ಗೊತ್ತಾಗುತ್ತೆ.

ಈ ದೂರ ಯಾಕೆ ಮುಖ್ಯ? ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಅನ್ನೋದಕ್ಕೆ ಎರಡು ಉತ್ತರಗಳಿವೆ. ವಿಶ್ವದ ಹಳೇ ಬೆಳಕನ್ನು ಅಳೆದವರು 67 ಅಂತಾರೆ, ಹತ್ತಿರದ ಗ್ಯಾಲಕ್ಸಿಗಳನ್ನು ಅಳೆದವರು 73 ಅಂತಾರೆ. 2020ರಲ್ಲಿ ಆರು ಮೇಸರ್ ಗ್ಯಾಲಕ್ಸಿಗಳಿಂದ ಬಂದ ಲೆಕ್ಕ 73.9, ಆದರೆ ಮೂರರಷ್ಟು ಹೆಚ್ಚುಕಡಿಮೆ ಇರಬಹುದು. ಜಗಳ ಬಗೆಹರಿಯಬೇಕಂದ್ರ ಇನ್ನಷ್ಟು ಮೇಸರ್ ಬೇಕು.

ಕಷ್ಟ ಇರೋದೇ ಇಲ್ಲಿ. ಅಮೆರಿಕದ ಗ್ರೀನ್ ಬ್ಯಾಂಕ್‌ನ 100 ಮೀಟರ್ ಟೆಲಿಸ್ಕೋಪ್‌ನಂಥವುಗಳಿಂದ ಸಾವಿರಾರು ಗ್ಯಾಲಕ್ಸಿ ಹುಡುಕಿದ್ದಾರೆ; ನೂರಕ್ಕೆ ಮೂರರಲ್ಲಿ ಸಿಕ್ಕರೆ ಹೆಚ್ಚು. ಗಾಳಿಯಲ್ಲಿನ ತೇವವೂ ಈ ಅಲೆಯನ್ನು ನುಂಗುತ್ತೆ. ನಮ್ಮ ಗೌರಿಬಿದನೂರು, ಪುಣೆ ಕಡೆಯ ಜಿಎಂಆರ್‌ಟಿ ಎರಡೂ ಒಳ್ಳೆಯ ಟೆಲಿಸ್ಕೋಪ್‌ಗಳೇ, ಆದರೆ ಅವು ಕೇಳೋದು ಇದಕ್ಕಿಂತ ಬಹಳ ಕಡಿಮೆ ಫ್ರೀಕ್ವೆನ್ಸಿ.

ಶಹಾಬಾದ್ ಗಣಿಗಳ ಪಕ್ಕ ಒಡೆದ ಕಲ್ಲಿನ ಗುಡ್ಡೆ ನೋಡಿರ್ತೀರಿ. ಒಂದು ಒಳ್ಳೆ ಹಾಸು ಸಿಗಬೇಕಂದ್ರ ಎಷ್ಟೋ ಕಲ್ಲು ಬಿಡಬೇಕು. ಇಲ್ಲಿ ಮಾತ್ರ ಬಿಟ್ಟದ್ದೂ ವ್ಯರ್ಥ ಅಲ್ಲ. ಯಾವ ಥರದ ಗ್ಯಾಲಕ್ಸಿಯಲ್ಲಿ ನೀರು ಸಿಗಲಿಲ್ಲ ಅಂತ ಬರೆದಿಟ್ಟರೆ, ಮುಂದೆ ಎಲ್ಲಿ ಹುಡುಕಬೇಕು ಅನ್ನೋದು ತಿಳಿಯುತ್ತೆ.

ಇಂಥ ಟೆಲಿಸ್ಕೋಪ್‌ಗಳ ಎಷ್ಟೋ ಹಳೆ ಡೇಟಾ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿದೆ. ಬಿಎಸ್ಸಿ ಓದ್ತಿದ್ದು, ಸ್ವಲ್ಪ ಪೈಥಾನ್ ಬಂದರೆ, ಚಿಂಚೋಳಿಯಲ್ಲಿ ಕೂತೇ ತೆಗೆದು ನೋಡಬಹುದು. ಏನೂ ಸಿಗಲಿಲ್ಲ ಅಂತ ಬೇಜಾರಾಗಬ್ಯಾಡ್ರಿ, ಅದನ್ನೂ ಬರೆದಿಡ್ರಿ.

ಮುಂದಿನ ಕಂತಿನಲ್ಲಿ ಸಿಗೋಣ.