13 ಸೆಕೆಂಡಿನ ಓಟ, ಖಾಲಿ ಉಳಿದ ಕಾಲಮ್: ಕಡಲಕೆರೆ ಕಂಬಳದ ನೆನಪುಗಳು

ಇಯರ್‌ಫೋನ್ ಹಾಕಿಕೊಂಡು ಕೇಳ್ತಾ ಇರುವವರಿಗೆ ಮೊದಲೇ ಹೇಳಿಬಿಡ್ತೇನೆ, ಇವತ್ತಿನ ಸಂಚಿಕೆಯ ಕೊನೆಗೆ ಒಂದು ಕಡೆ ಭಯಂಕರ ಗದ್ದಲ ಉಂಟು. ಅಲ್ಲಿಗೆ ಬರುವಾಗ ಇನ್ನೊಮ್ಮೆ ಹೇಳ್ತೇನೆ, ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಕಳೆದ ಸಲ ನಿಮ್ಮ ಹತ್ತಿರ ಒಂದು ಪ್ರಶ್ನೆ ಕೇಳಿದ್ದೆ. ಮೂಡುಬಿದಿರೆಯ ಕಂಬಳದಲ್ಲಿ ನೀವು ನೋಡಿದ ಓಟಗಳಲ್ಲಿ ಇವತ್ತಿಗೂ ಮರೆಯದ ಒಂದು ಓಟ ಯಾವುದು? ವಾಯ್ಸ್ ನೋಟ್ ಕಳಿಸಿ ಅಂದಿದ್ದೆ. ತುಂಬ ಬಂದವು. ನಾನು ಬಿ.ಕಾಂ. ಮಾಡಿದವಳು, ಅಭ್ಯಾಸ ಬಿಡುವುದಿಲ್ಲ. ಎಕ್ಸೆಲ್ ಶೀಟ್ ತೆರೆದು ಕಾಲಮ್ ಹಾಕಿದೆ: ಯಾವ ವರ್ಷ, ಯಾವ ವಿಭಾಗ, ಯಾರ ಕೋಣ, ಎಷ್ಟು ಸೆಕೆಂಡ್, ಗೆದ್ದದ್ದು ಯಾರು. ಕೊನೆಗೆ ಸುಮ್ಮನೆ 'ಇತರೆ' ಅಂತ ಒಂದು.

ಎಲ್ಲ ಕೇಳಿ ಮುಗಿಸುವಾಗ 'ಎಷ್ಟು ಸೆಕೆಂಡ್' ಕಾಲಮ್ ಪೂರ್ತಿ ಖಾಲಿ. ಒಂದೇ ಒಂದು ಅಂಕಿ ಇಲ್ಲ ಮಾರಾಯ್ರೆ. 'ಗೆದ್ದದ್ದು ಯಾರು' ಕಾಲಮಿನಲ್ಲಿ ಅರ್ಧಕ್ಕರ್ಧ ಪ್ರಶ್ನಾರ್ಥಕ ಚಿಹ್ನೆ. ತುಂಬಿ ತುಳುಕಿದ್ದು 'ಇತರೆ' ಮಾತ್ರ. ಇವತ್ತಿನ ಸಂಚಿಕೆ ಆ 'ಇತರೆ'ಯ ಬಗ್ಗೆ.

ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಕೇಳುವವರಿಗಾಗಿ ಎರಡು ಮಾತು. ಕಂಬಳ ಅಂದರೆ ಕೆಸರು ನೀರು ತುಂಬಿದ ಉದ್ದದ ಓಡುದಾರಿಯಲ್ಲಿ ಜೋಡಿ ಕೋಣಗಳ ಓಟ. ಆ ದಾರಿಗೆ ಕರೆ ಅಂತ ಹೆಸರು. ಅಕ್ಕಪಕ್ಕ ಎರಡು ಕರೆ ಇದ್ದರೆ ಜೋಡುಕರೆ. ಓಟ ಶುರುವಾಗುವ ತುದಿ ಗಂತು, ಓಡಿ ಬಂದ ಕೋಣಗಳು ಏರಿ ನಿಲ್ಲುವ ತುದಿ ಮಂಜೊಟ್ಟಿ. ಒಂದೊಂದು ಊರಿನ ಜೋಡುಕರೆಗೆ ಒಂದೊಂದು ಜೋಡಿ ಹೆಸರು. ವೇಣೂರಿನದು ಸೂರ್ಯ-ಚಂದ್ರ, ಮಿಯಾರಿನದು ಲವ-ಕುಶ, ಉಪ್ಪಿನಂಗಡಿಯದು ವಿಜಯ-ವಿಕ್ರಮ. ನಮ್ಮ ಮೂಡುಬಿದಿರೆಯ ಕಡಲಕೆರೆಯದು ಕೋಟಿ-ಚೆನ್ನಯ. ಪಾಡ್ದನದ ಅವಳಿ ವೀರರ ಹೆಸರು.

ವಿಭಾಗಗಳೂ ಉಂಟು. ಹಗ್ಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಹಿಡಿದು ಓಡುವುದು, ನೇಗಿಲಿನಲ್ಲಿ ಹಗುರದ ನೇಗಿಲು ಹಿಡಿದು ಓಡುವುದು. ಈ ಎರಡರಲ್ಲೂ ಹಿರಿಯ, ಕಿರಿಯ ಅಂತ ಬೇರೆ ಬೇರೆ. ಅಡ್ಡಹಲಗೆಯಲ್ಲಿ ಓಡಿಸುವವನು ಹಲಗೆ ಮೇಲೆ ನಿಲ್ಲಬೇಕು. ಕನೆಹಲಗೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ತೂತು ಇರುವ ಮರದ ತುಂಡಿನ ಮೇಲೆ ಕಾಲಿಟ್ಟು ಬರುವಾಗ ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಅನ್ನುವುದು ಲೆಕ್ಕ. ಕರೆಗೆ ಅಡ್ಡವಾಗಿ ಮೇಲೆ ಬಟ್ಟೆಯ ನಿಶಾನೆ ಕಟ್ಟಿರ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ. ನೀರು ಅದನ್ನು ಮುಟ್ಟಿದರೆ ಇಡೀ ಗದ್ದೆ ಎದ್ದು ನಿಲ್ತದೆ.

ಇನ್ನು ವಾಯ್ಸ್ ನೋಟ್‌ಗಳಿಗೆ ಬರೋಣ.

ಮೊದಲನೆಯದು ಬೆಳ್ತಂಗಡಿ ಕಡೆಯ ಒಬ್ಬರು ರಿಕ್ಷಾ ಓಡಿಸುವ ಅಣ್ಣನದು. ಅವರ ನೆನಪಿನಲ್ಲಿ ಕೋಣ ಬರುವುದು ತುಂಬ ತಡವಾಗಿ. ಮೊದಲು ಬರುವುದು ಬಿಳಿ ಅಂಗಿ. ಶಾಲೆ ಬಿಟ್ಟು ಸೀದಾ ಅಪ್ಪನ ಜೊತೆ ಕಂಬಳಕ್ಕೆ ಹೋದದ್ದು, ಯೂನಿಫಾರಂ ಬದಲಾಯಿಸಿರಲಿಲ್ಲ. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಕರೆಯ ಬದಿಯಲ್ಲೇ ನಿಂತರು. ಕೋಣಗಳು ಎದುರಿಗೆ ಹಾದು ಹೋದವು, ಎರಡು ಸೆಕೆಂಡ್ ಅಷ್ಟೆ. ಅಂಗಿ ಪೂರ್ತಿ ಕೆಂಪು ಕೆಸರು. ಓಟದ ಬಗ್ಗೆ ಕೇಳಿದರೆ ಅಣ್ಣ ಹೇಳ್ತಾರೆ: "ಕೋಣ ಯಾರದ್ದು ಅಂತ ಗೊತ್ತಿಲ್ಲ. ಮನೆಗೆ ಹೋದ ಮೇಲೆ ಅಮ್ಮ ಬೈದದ್ದು ಅಪ್ಪನಿಗೆ, ನನಗಲ್ಲ. ಅದು ಚೆಂದ ನೆನಪುಂಟು."

ಎರಡನೆಯದು ಬಂಟ್ವಾಳದಲ್ಲಿ ಹುಟ್ಟಿ, ಮದುವೆಯಾಗಿ ಮುಂಬೈಗೆ ಹೋದ ಅಕ್ಕನದು. ಅವರ ಮನೆಗೆ ಕಂಬಳದ ಮೈಕ್ ಕೇಳಿಸುವಷ್ಟು ದೂರ. ಅಣ್ಣ ತಮ್ಮ ಎಲ್ಲ ಹೋಗ್ತಿದ್ದರು, ಹುಡುಗಿಯರನ್ನು ರಾತ್ರಿ ಕಳಿಸುತ್ತಿರಲಿಲ್ಲ. ಹಾಗಾಗಿ ಅವರಿಗೆ ಕಂಬಳ ಅಂದರೆ ಜಗಲಿಯಲ್ಲಿ ಚಾಪೆ ಹಾಸಿ ಮಲಗಿಕೊಂಡು ಕೇಳಿದ ವೀಕ್ಷಕ ವಿವರಣೆ. ಯಾರ ಕೋಣ ಗಂತಿಗೆ ಇಳಿಯಿತು, ಯಾರು ಓಡಿಸ್ತಾರೆ, ಯಾವುದು ಮುಂದೆ ಬಂತು, ಎಲ್ಲ ಕಿವಿಯಲ್ಲೇ. ಮೊದಲ ಸಲ ಕಣ್ಣಾರೆ ನೋಡಿದ್ದು ಎರಡು ಮಕ್ಕಳಾದ ಮೇಲೆ, ರಜೆಗೆ ಬಂದಾಗ. "ಅಷ್ಟು ಬೇಗ ಮುಗಿದು ಹೋಗ್ತದೆ ಅಂತ ಗೊತ್ತೇ ಇರಲಿಲ್ಲ. ಮೈಕಲ್ಲಿ ಕೇಳುವಾಗ ತುಂಬ ಹೊತ್ತು ಓಡ್ತಿದ್ದವು" ಅಂದರು. ಈ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಅವರು ಕಳೆದುಕೊಂಡ ಅಷ್ಟೂ ವರ್ಷದ ಓಟಗಳು ಅದರಲ್ಲಿ ಉಂಟಲ್ವಾ.

ಮೂರನೆಯದು ದುಬೈಯಿಂದ. ನಮಗಿಂತ ಒಂದೂವರೆ ಗಂಟೆ ಹಿಂದೆ ಅಲ್ಲಿ. ರೂಮಿನಲ್ಲಿ ಉಳಿದವರೆಲ್ಲ ಮಲಗಿರ್ತಾರೆ, ಇವರು ಹೊದಿಕೆ ಒಳಗೆ ಫೋನ್ ಇಟ್ಟುಕೊಂಡು ಯೂಟ್ಯೂಬ್ ಲೈವ್ ನೋಡುವುದು. ಒಂದು ಸಲ ಫೈನಲ್ ಓಟದ ಹೊತ್ತಿಗೆ ಸರಿಯಾಗಿ ಬಫರಿಂಗ್. ಚಕ್ರ ತಿರುಗಿ ನಿಲ್ಲುವಾಗ ಕೋಣಗಳು ಮಂಜೊಟ್ಟಿ ಏರಿ ಆಗಿತ್ತು. ಅವರ ಮರೆಯದ ಓಟ ಅದೇ, ನೋಡದೇ ಇದ್ದ ಓಟ.

ಈಗ ನೀವು ಕೇಳಬಹುದು, ಸೆಕೆಂಡಿನ ಲೆಕ್ಕ ಯಾರಿಗೂ ಬೇಡವಾ? ಬೇಕಿತ್ತು. ಇಡೀ ಪ್ರಪಂಚಕ್ಕೆ ಬೇಕಿತ್ತು. 2020ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ಐಕಳದ ಕಂಬಳದಲ್ಲಿ ನಮ್ಮ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ತೆಗೆದು 100 ಮೀಟರಿಗೆ ಇಳಿಸಿದರು, 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಮುಗಿಯಿತು, ಎಲ್ಲರ ಫೋನಿನಲ್ಲೂ ಅದೇ. ಕೇಂದ್ರ ಕ್ರೀಡಾ ಸಚಿವರು ಟ್ವೀಟ್ ಮಾಡಿದರು, ಕ್ರೀಡಾ ಪ್ರಾಧಿಕಾರದಿಂದ ಟ್ರಯಲ್ಸ್‌ಗೆ ಕರೆ ಬಂತು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದನ್ನೂ ಮೀರಿದರು ಅಂತ ಸುದ್ದಿ.

ಲೆಕ್ಕ ಓದಿದವಳಾಗಿ ಹೇಳ್ತೇನೆ, ಭಾಗಾಕಾರ ಸರಿ ಉಂಟು, ಹೋಲಿಕೆ ಸರಿ ಇಲ್ಲ. ಬೋಲ್ಟ್ ಓಡಿದ್ದು ಒಬ್ಬರೇ, ಸಿಂಥೆಟಿಕ್ ಟ್ರ್ಯಾಕ್ ಮೇಲೆ, ಸ್ಪೈಕ್ಸ್ ಹಾಕಿಕೊಂಡು. ಇಲ್ಲಿ ಬರಿಗಾಲು, ಕೆಸರು, ಮುಂದಿನಿಂದ ಎಳೆಯುವ ಎರಡು ಕೋಣ. ಇದು ಬೇರೆಯೇ ವಿದ್ಯೆ. ಕೋಣದ ವೇಗಕ್ಕೆ ಕಾಲು ಕೊಡುವುದು, ಬೀಳದೆ, ಹಗ್ಗ ಬಿಡದೆ. ಶ್ರೀನಿವಾಸ ಗೌಡರೇ ಆವಾಗ ಇದನ್ನು ಹೇಳಿದರು, ಕೋಣಗಳು ಚೆನ್ನಾಗಿ ಓಡಿದ್ದರಿಂದ ತಾನು ಓಡಿದ್ದು ಅಂತ. ಟ್ರಯಲ್ಸ್‌ಗೆ ಹೋಗಲಿಲ್ಲ. ಕಂಬಳ ಬಿಟ್ಟು ಅವರಿಗೆ ಬೇರೆ ಟ್ರ್ಯಾಕ್ ಬೇಕಿರಲಿಲ್ಲ. ಆ ಮೇಲೆ ಉಳಿದವರೆಲ್ಲ ಆ ಅಂಕಿ ಮರೆತರು. ಈಗ ಲೇಸರ್ ಬೀಮ್ ಇಟ್ಟು ಸೆಕೆಂಡಿನ ನೂರರಲ್ಲಿ ಒಂದು ಪಾಲನ್ನೂ ಅಳೀತಾರೆ. ಅದು ಬೇಕು, ಜಗಳ ಕಡಿಮೆ ಆಗ್ತದೆ. ಆದರೆ ನನ್ನ ಶೀಟಿಗೆ ಅದು ಬರಲೇ ಇಲ್ಲ.

ನಾಲ್ಕನೆಯ ವಾಯ್ಸ್ ನೋಟ್ ಕೋಣಗಳ ಆರೈಕೆ ಮಾಡುವ ಒಬ್ಬ ಹುಡುಗನದು. ನನಗಿಂತ ಸಣ್ಣವನು. ಅವನ ಮರೆಯದ ನೆನಪು ಕಂಬಳ ನಡೆಯದ ವರ್ಷದ್ದು.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲಿಂದ ಕಂಬಳದ ತಲೆ ಮೇಲೂ ಕತ್ತಿ ತೂಗ್ತಾ ಇತ್ತು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು, ಆ ಸೀಸನ್ ಹೋಯಿತು. 2017ರ ಜನವರಿ ಕೊನೆಗೆ ಮೂಡುಬಿದಿರೆಯಲ್ಲಿ ದೊಡ್ಡ ಹೋರಾಟ. ಓಡುವುದಕ್ಕಲ್ಲ, ಹಕ್ಕು ಕೇಳುವುದಕ್ಕೆ ಕೋಣಗಳನ್ನು ಕರೆದುಕೊಂಡು ಬಂದಿದ್ದರು. ಆಮೇಲೆ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, ಕಂಬಳ ಮತ್ತೆ ಶುರುವಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು.

ಆ ಖಾಲಿ ಸೀಸನಿನಲ್ಲೂ ಈ ಹುಡುಗನ ಕೆಲಸ ನಿಂತಿರಲಿಲ್ಲ. ಹುರುಳಿ ಬೇಯಿಸುವುದು, ಮೈಗೆ ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು. ಓಟ ಇಲ್ಲ ಅಂತ ಕೋಣ ಊಟ ಬಿಡ್ತದಾ? ಯಜಮಾನರು ಒಂದು ದಿನವೂ ಖರ್ಚು ಕಡಿಮೆ ಮಾಡು ಅನ್ನಲಿಲ್ಲವಂತೆ. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ಹೆಸರಿಲ್ಲ. ಗೆದ್ದರೂ ಸಾಮಾನ್ಯವಾಗಿ ಸಿಗುವುದು ಒಂದೆರಡು ಪವನ್ ಚಿನ್ನ, ವರ್ಷದ ಆರೈಕೆಯ ಎದುರು ಅದು ಏನೂ ಅಲ್ಲ. ಆ ವರ್ಷ ಒಂದು ಸಂಜೆ ಹತ್ತಿರದ ಮನೆಯ ಮದುವೆಗೆ ಬ್ಯಾಂಡ್ ಬಂತಂತೆ. ವಾದ್ಯದ ಶಬ್ದ ಕೇಳಿದ್ದೇ ಕೊಟ್ಟಿಗೆಯಲ್ಲಿ ಕೋಣ ಎದ್ದು ನಿಂತಿತು. ಕಿವಿ ನೆಟ್ಟಗೆ ಮಾಡಿ ಬಾಗಿಲ ಕಡೆ ನೋಡ್ತಾ ಇತ್ತು. ಕಂಬಳಕ್ಕೆ ಇಳಿಸುವಾಗ ವಾದ್ಯದಲ್ಲೇ ಕರೆದುಕೊಂಡು ಹೋಗುವುದಲ್ವಾ, ಅದಕ್ಕೆ ಅದೇ ಅಭ್ಯಾಸ. "ಬ್ಯಾಂಡ್ ಮುಗಿಯುವ ತನಕ ನಾನು ಅದರ ಹತ್ತಿರವೇ ಕೂತಿದ್ದೆ ಅಕ್ಕ. ಎಂತ ಹೇಳುವುದು ಅದಕ್ಕೆ?"

ಇನ್ನೊಂದು ಮೆಸೇಜ್ ಓದದೆ ಹೋದರೆ ತಪ್ಪಾಗ್ತದೆ. ಒಬ್ಬರು ಬರೆದಿದ್ದರು: "ನಿಮಗೆ ನೆನಪು, ಕೋಣಕ್ಕೆ ಪೆಟ್ಟು. ಇದರಲ್ಲಿ ಎಂತ ಸಂಭ್ರಮ?" ನನಗೆ ಸಿಟ್ಟು ಬರಲಿಲ್ಲ. ಸಣ್ಣದಿರುವಾಗ ಬೆತ್ತದ ಶಬ್ದ ಕೇಳಿ ನಾನೂ ಕಣ್ಣು ಮುಚ್ಚಿಕೊಂಡದ್ದುಂಟು. ಕಂಬಳ ಉಳಿದದ್ದು ಹಿಂಸೆ ಮಾಡಬಾರದು ಅನ್ನುವ ಷರತ್ತಿನ ಮೇಲೆ. ಆ ಷರತ್ತನ್ನು ಕಾಯಬೇಕಾದವರು ಬದಿಯಲ್ಲಿ ನಿಂತು ಶಿಳ್ಳೆ ಹೊಡೆಯುವ ನಾವೇ. ಮೇಲೆ ಹೇಳಿದ ಹುಡುಗನಂಥವರು ಎಷ್ಟೇ ಪ್ರೀತಿಯಿಂದ ಸಾಕಿದರೂ, ಕರೆಯಲ್ಲಿ ಯಾರಾದರೂ ಮಿತಿ ಮೀರಿದರೆ "ಬೇಡ" ಅಂತ ಕೂಗುವ ಗಂಟಲು ನಮ್ಮದೇ ಆಗಬೇಕು. ಅದನ್ನು ಅಭಿಮಾನದ ವಿರುದ್ಧ ಅಂತ ನಾನು ತಿಳಿದುಕೊಂಡಿಲ್ಲ.

ಕೊನೆಗೆ ನನ್ನ ನೆನಪು. ಈಗ ವಾಲ್ಯೂಮ್ ಕಡಿಮೆ ಮಾಡಿ.

ಕೋವಿಡ್‌ಗೆ ಮುಂಚಿನ ಒಂದು ಸೀಸನ್. ನನ್ನನ್ನು ರಾತ್ರಿ ಕಂಬಳಕ್ಕೆ ಕರೆದುಕೊಂಡು ಹೋದದ್ದು ಮಾವ, ಅಮ್ಮನ ತಮ್ಮ. ಹುಡುಗಿಯನ್ನು ಯಾಕೆ ಅಂತ ಅಜ್ಜಿ ಕೇಳಿದ್ದಕ್ಕೆ, "ಅವಳೂ ಈ ಊರಿನವಳೇ ಅಲ್ವಾ" ಅಂದಿದ್ದರು. ಕಡಲಕೆರೆಯಲ್ಲಿ ಫ್ಲಡ್ ಲೈಟ್, ಚರುಮುರಿ, ಗೋಳಿಬಜೆ, ಬೆಳಗಿನ ಜಾವದ ಚಳಿ. ನೇಗಿಲು ಹಿರಿಯದ ಫೈನಲ್. ನನ್ನ ಹತ್ತಿರ ಹೊಸ ಫೋನ್. ಚೆಂದದ ವಿಡಿಯೋ ಮಾಡಿ ಹಾಕಬೇಕು ಅಂತ ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನಿಂತಿದ್ದೆ. ಇದು ಅದರ ಆಡಿಯೋ. ಮಾತು ತುಳುವಿನಲ್ಲಿ ಉಂಟು, ಆಮೇಲೆ ಕನ್ನಡದಲ್ಲಿ ಹೇಳ್ತೇನೆ.

(ಜನರ ಕೂಗು, ಮೈಕಿನ ಧ್ವನಿ, ನೀರಿನ ಸದ್ದು. ಹತ್ತಿರದಲ್ಲಿ ಒಬ್ಬ ಗಂಡಸು ಗಂಟಲು ಹರಿಯುವ ಹಾಗೆ ಕೂಗುತ್ತಾರೆ.)

ಕೂಗಿದ್ದು ಮಾವ. ಕೋಣದ ಹೆಸರು ಹಿಡಿದು ಕರೀತಾ ಇದ್ದಾರೆ, ಮನೆಯ ಮಗುವನ್ನು ಕರೆದ ಹಾಗೆ. ಅವರ ಮೊಣಕೈ ತಾಗಿ ಫೋನ್ ಅಲುಗಿತು. ವಿಡಿಯೋದಲ್ಲಿ ಕೋಣ ಇಲ್ಲ, ಆಕಾಶ, ಒಂದು ಲೈಟು, ಯಾರದ್ದೋ ಟೊಪ್ಪಿ. ಆಮೇಲೆ ನನ್ನ ಧ್ವನಿ: "ಮಾವ, ಪೂರ್ತಿ ಹಾಳು ಮಾಡಿದ್ರಿ!" ಅದಕ್ಕೆ ಮಾವ ಕೇಳ್ತಾರೆ: "ಅದು ಇರಲಿ ಮಗಾ, ಯಾವ ಕರೆ ಬಂತು?" ಅವರಿಗೂ ಕಾಣಿಸಿರಲಿಲ್ಲ! ಎದುರಿಗೆ ಅಷ್ಟು ಜನ. ನಾನು ಸ್ಕ್ರೀನ್ ನೋಡ್ತಾ ಇದ್ದೆ, ಅವರು ಕಣ್ಣು ಮುಚ್ಚಿ ಕೂಗ್ತಾ ಇದ್ದರು. ಇಬ್ಬರೂ ಓಟ ನೋಡಿಲ್ಲ.

ಅವರು ಕೂಗಿದ ಜೋಡಿ ಸೋತಿತ್ತು ಅಂತ ಆಮೇಲೆ ಮೈಕಿನಲ್ಲಿ ಗೊತ್ತಾಯಿತು. ಮನೆಯಲ್ಲಿ ಮಾತ್ರ ಮಾವ ಒಂದು ತಿಂಗಳು ಹೇಳಿದ್ದು, "ಒಂದು ಮೂಗಿನಷ್ಟಕ್ಕೆ ಹೋಯ್ತು, ಲೆಕ್ಕದಲ್ಲಿ ನಮ್ಮದೇ" ಅಂತ. ಆ ವಿಡಿಯೋವನ್ನು ನಾನು ಯಾರಿಗೂ ಕಳಿಸಲಿಲ್ಲ, ಹಾಳಾಗಿದೆ ಅಂತ. ಡಿಲೀಟ್ ಮಾಡಲು ಮರೆತದ್ದು ನನ್ನ ಪುಣ್ಯ. 2021ರಲ್ಲಿ ಮಾವ ಹೋದರು. ಫೋಟೋ ತುಂಬ ಉಂಟು. ಧ್ವನಿ ಅಂತ ನನ್ನ ಹತ್ತಿರ ಇರುವುದು ಇದೊಂದೇ.

ಹಾಗಾಗಿ ಕಂಬಳಕ್ಕೆ ಹೋಗುವವರಿಗೆ ಒಂದು ಕೆಲಸ ಕೊಡ್ತೇನೆ. ಸೀಸನ್ ಹೇಗೂ ನವೆಂಬರಿನಿಂದ ಮಾರ್ಚ್ ತನಕ ಉಂಟು, ಅವಸರ ಇಲ್ಲ. ಓಟವನ್ನು ಯೂಟ್ಯೂಬಿನವರು ನಿಮಗಿಂತ ಚೆನ್ನಾಗಿ ಶೂಟ್ ಮಾಡ್ತಾರೆ, ಅದನ್ನು ಅವರಿಗೆ ಬಿಡಿ. ನಿಮ್ಮನ್ನು ಕರೆದುಕೊಂಡು ಬಂದವರು ಯಾರು, ಅವರ ಪಕ್ಕ ನಿಂತು ರೆಕಾರ್ಡರ್ ಆನ್ ಮಾಡಿ ಫೋನ್ ಜೇಬಿಗೆ ಹಾಕಿ. ಓಟವನ್ನು ಕಣ್ಣಲ್ಲೇ ನೋಡಿ. ಮನೆಗೆ ಹೋಗಿ ಆ ಫೈಲಿಗೆ ಹೆಸರು ಕೊಟ್ಟು ಇಟ್ಟುಕೊಳ್ಳಿ. ನನಗೆ ಕಳಿಸಬೇಕು ಅನಿಸಿದರೆ ಕಳಿಸಿ, ಶೀಟಿನಲ್ಲಿ ಜಾಗ ಉಂಟು.

'ಎಷ್ಟು ಸೆಕೆಂಡ್' ಕಾಲಮ್ ನಾನು ಇನ್ನೂ ತೆಗೆದಿಲ್ಲ. ಯಾರಾದರೂ ಒಬ್ಬರು ತುಂಬುತ್ತಾರಾ ನೋಡೋಣ.